ದೇಹದೇಗುಲವೂ ವಂಶವ್ಯಾಧಿಯೂ

ಶರೀರವನ್ನೇ ಶಿವಾಲಯವೆಂದು ಕಂಡದ್ದು ಬಸವಾದಿ ಪ್ರಮಥರ ಅನುಭಾವದ ಒಂದು ದೊಡ್ಡ ಸಾಹಸವೇ ಸರಿ. ಕಲ್ಲಿನ ಗುಡಿಯನ್ನು ಕಟ್ಟಿಸಲಾರದ ಬಡವನಿಗೂ ಹುಟ್ಟಿನೊಡನೆಯೇ ಒಂದು ಗುಡಿ ದೊರೆತಿದೆ, ಅವನ ಕಾಲುಗಳೇ ಅದಕ್ಕೆ ಆಧಾರ ಎಂಬ ತಿಳಿವಳಿಕೆಯು ಎಂಟು ಶತಮಾನಗಳಿಂದ ಕನ್ನಡ ನಾಡಿನ ಭಕ್ತರಿಗೆ ಧೈರ್ಯ ಕೊಟ್ಟಿದೆ. ಆದರೆ ಶ್ರಾವಣದ ಪ್ರವಚನದಲ್ಲಿ ಈ ಮಾತಿಗೆ ತಲೆದೂಗಿದ ಭಕ್ತನ ಮನೆಯಲ್ಲಿಯೇ, ಅಂಬೆಗಾಲಿಡುವ ಮೊದಲೇ ತೊಡೆಯ ಎಲುಬು ಮುರಿದುಕೊಂಡ ಕೂಸು ತೊಟ್ಟಿಲಲ್ಲಿ ಮಲಗಿದ್ದರೆ ಹೇಗೆ? ಆಧಾರವೇ ಗಟ್ಟಿಯಿಲ್ಲದ ಆ ಗುಡಿಯಲ್ಲಿ ದೇವರು ನೆಲೆಸಿರುವನೋ ಇಲ್ಲವೋ? ಇದು ಪಂಡಿತರ ಗೋಷ್ಠಿಯ ಪ್ರಶ್ನೆಯಲ್ಲ. ಅಂಥ ಕೂಸಿನ ತಾಯಿ ರಾತ್ರಿಯೆಲ್ಲ ಎಚ್ಚರವಿದ್ದು ಕೇಳಿಕೊಳ್ಳುವ ಪ್ರಶ್ನೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಘಟಪ್ರಭಾ ದಂಡೆಯ ಯಾವುದಾದರೂ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಕಬ್ಬು ಬೆಳೆಯುವ ಒಕ್ಕಲು. ಉಣ್ಣಲು ಉಡಲು ಕೊರತೆಯಿಲ್ಲ. ಮಗುವಿನ ಎಲುಬು ಮೊದಲ ಸಲ ಮುರಿದಾಗ ಎತ್ತಿಕೊಂಡವರ ಅಜಾಗರೂಕತೆಯೆಂದು ಬೈಗುಳವಾಗುವದು. ಎರಡನೆಯ ಸಲಕ್ಕೆ ದೃಷ್ಟಿ ತೆಗೆಸುವರು. ಎಲುಬು ಕಟ್ಟುವ ನಾಟಿ ವೈದ್ಯನಲ್ಲಿಗೆ ಹೋಗಿ ಬಿದಿರು ದಬ್ಬೆಯ ಕಟ್ಟು ಹಾಕಿಸುವರು. ಬಾಣಂತಿಯ ಸೊಂಟ ಗಟ್ಟಿಯಾಗಲೆಂದು ಕೊಡುವ ಅಂಟಿನುಂಡೆಯನ್ನು ಅಜ್ಜಿ ಮೊಮ್ಮಗುವಿಗೂ ತಿನ್ನಿಸುವಳು. ಮೂರನೆಯ ಸಲ ಮುರಿದಾಗ ಮನೆಯ ಮಾತು ಬೇರೆ ದಾರಿ ಹಿಡಿಯುವದು: ಯಾರ ಪಾಪ? ಯಾರ ಕುಲದ್ದು? ಈ ಪ್ರಶ್ನೆ ಹೆಚ್ಚಾಗಿ ಸೊಸೆಯ ತವರುಮನೆಯ ಕಡೆಗೇ ತಿರುಗುವದೆಂಬುದು ಎಲ್ಲರೂ ಬಲ್ಲ ಸಂಗತಿ. ಮಗುವಿನ ಎಲುಬಿನೊಡನೆ ಸಂಸಾರದ ಒಳಗೂ ಏನೋ ಒಂದು ಮುರಿಯತೊಡಗುವದು.

ವೈದ್ಯಶಾಸ್ತ್ರವು ಈ ವ್ಯಾಧಿಗೆ ಕೊಟ್ಟ ಹೆಸರು ಉದ್ದನೆಯದು: ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಅಸ್ಥಿ ಸರಿಯಾಗಿ ರೂಪುಗೊಳ್ಳದಿರುವದು ಎಂದು ಅದರ ಅರ್ಥ. ಮಣ್ಣಿನ ಗೋಡೆಯನ್ನು ಕಟ್ಟುವಾಗ ಕೆಸರಿನಲ್ಲಿ ಹುಲ್ಲು ಬೆರೆಸಿ ತುಳಿಯುವದುಂಟಷ್ಟೆ. ಹುಲ್ಲಿಲ್ಲದ ಗೋಡೆ ಒಣಗಿದೊಡನೆ ಬಿರಿಯುವದು. ಎಲುಬಿನಲ್ಲಿ ಸುಣ್ಣದಂಶವು ಮಣ್ಣಾದರೆ, ಕೊಲ್ಯಾಜೆನ್ ಎಂಬ ಎಳೆಯೇ ಹುಲ್ಲು. ಆ ಎಳೆಯು ಹುಟ್ಟಿನಿಂದಲೇ ಕಡಿಮೆಯಾಗಿ ಅಥವಾ ದೋಷಯುಕ್ತವಾಗಿ ಬಂದವರಲ್ಲಿ ಎಲುಬು ಸಣ್ಣ ಪೆಟ್ಟಿಗೂ ಮುರಿಯುವದು. ಕೆಲವರ ಕಣ್ಣಿನ ಬಿಳಿಭಾಗ ನೀಲಿಯಾಗಿ ತೋರುವದು, ಹಲ್ಲು ಸವೆಯುವದು, ವಯಸ್ಸಾದಂತೆ ಕಿವಿ ಮಂದವಾಗುವದೂ ಉಂಟು. ಸುಮಾರು 15ರಿಂದ 20 ಸಾವಿರ ಜನನಗಳಲ್ಲಿ ಒಂದರಲ್ಲಿ ಇದು ಕಾಣಿಸಿಕೊಳ್ಳುವದೆಂದು ಲೆಕ್ಕ. ಇಷ್ಟು ವಿರಳವಾದುದರಿಂದಲೇ ಊರಿನ ವೈದ್ಯನು ತನ್ನ ವೃತ್ತಿಯ ಜೀವಮಾನದಲ್ಲಿ ಇಂಥ ಒಂದೆರಡು ಮಕ್ಕಳನ್ನು ಮಾತ್ರ ಕಂಡಿರಬಹುದು, ಅಥವಾ ಒಂದನ್ನೂ ಕಂಡಿರಲಿಕ್ಕಿಲ್ಲ. ಅದು ಅವನ ತಪ್ಪಲ್ಲ.

ಎಲುಬು ಡೊಂಕಾದ ಮಕ್ಕಳೆಲ್ಲರಿಗೂ ಇದೇ ವ್ಯಾಧಿಯೆಂದು ತಿಳಿಯಲಾಗದು. ಬಿಸಿಲಿನ ಮತ್ತು ಆಹಾರದ ಕೊರತೆಯಿಂದ ಬರುವ ರಿಕೆಟ್ಸ್ ಎಂಬುದು ಔಷಧದಿಂದ ಗುಣವಾಗತಕ್ಕದ್ದು. ಕುಡಿಯುವ ನೀರಿನ ಫ್ಲೋರೈಡಿನಿಂದ ಕಾಲು ವಕ್ರವಾಗುವದೂ ಉಂಟು. ಯಾವುದು ಯಾವುದೆಂದು ಬಿಡಿಸಿ ಹೇಳಬಲ್ಲವನನ್ನು ಹುಡುಕುವದೇ ಚಿಕಿತ್ಸೆಯ ಅರ್ಧ ಭಾಗ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನಿದ್ದನು. ತನ್ನ ಕಾಯಕದ ಪರಿಭಾಷೆಯಲ್ಲಿಯೇ ಅವನು ವಚನ ರಚಿಸಿದನು. ರೋಗವನ್ನು ಅರಿಯದೆ ಮದ್ದು ಕೊಡುವದು ಆ ಕಾಯಕಕ್ಕೆ ಮಾಡುವ ದ್ರೋಹವೆಂಬುದನ್ನು ಯಾವ ವೈದ್ಯನೂ ಒಪ್ಪುವನು. ಅರಿಯದಾದಾಗ, ಅರಿತವರಲ್ಲಿಗೆ ಕಳಿಸುವದೂ ಕಾಯಕದ ಭಾಗವೇ.

ಇನ್ನು ಪಾಪದ ಮಾತು. ಪೂರ್ವಜನ್ಮದ ಕರ್ಮವು ಈ ಎಲುಬಿನಲ್ಲಿ ಫಲಿಸಿತೆಂದು ಹೇಳುವವರು ಭಕ್ತರಲ್ಲಿಯೂ ಇದ್ದಾರೆ. ಹೇಳುವದು ಸುಲಭ, ಆ ಮಾತಿನಿಂದ ಹೇಳಿದವನ ಹೊಣೆಯೆಲ್ಲ ಇಳಿದುಹೋಗುವದು ಎಂಬಲ್ಲಿಯೇ ಅದರ ಆಕರ್ಷಣೆಯಿದೆ. ಆದರೆ ಶರಣಧರ್ಮದೊಳಗೆ ನಿಂತು ಇದನ್ನು ಹೇಳಲು ಬರುವದೇ? ಲಿಂಗವಂತನಿಗೆ ಪಂಚಸೂತಕಗಳಿಲ್ಲವೆಂದು ಶರಣರು ಸಾರಿದರು. ಆ ಐದರಲ್ಲಿ ಮೊದಲನೆಯದು ಜನನಸೂತಕ. ಹುಟ್ಟಿನ ಮೈಲಿಗೆಯನ್ನು ಹತ್ತು ದಿನದ ಮಟ್ಟಿಗೂ ಒಪ್ಪದ ಧರ್ಮವು, ಹುಟ್ಟಿನಿಂದ ಬಂದ ಎಲುಬಿನ ದೋಷವನ್ನು ಇಡೀ ಆಯುಷ್ಯದ ಕಲಂಕವೆಂದು ಒಪ್ಪುವದು ಹೇಗೆ? ಮತ್ತೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿನ ಸಲುವಾಗಿ ಲಿಂಗಧಾರಣೆ ಮಾಡುವ ಸಂಪ್ರದಾಯವು ವೀರಶೈವರಲ್ಲಿ ಉಂಟು. ಗುರುವು ಆಗ ಕೂಸಿನ ಎಲುಬನ್ನು ಪರೀಕ್ಷಿಸಿ ಲಿಂಗ ಕೊಡುವದಿಲ್ಲ. ಗಂಡೋ ಹೆಣ್ಣೋ, ಗಟ್ಟಿಯೋ ಬಲಹೀನವೋ ಎಂದು ಕೇಳುವದೂ ಇಲ್ಲ. ಮುರಿಯುವ ಎಲುಬಿನ ಕೂಸು ಕೂಡ ಲೋಕಕ್ಕೆ ಬರುವ ಮೊದಲೇ ಲಿಂಗವಂತವಾಗಿಯೇ ಇರುವದು. ಹಾಗಿದ್ದ ಮೇಲೆ ಅದರ ದೇಹವು ಗುಡಿಯೋ ಅಲ್ಲವೋ ಎಂಬ ತಾಯಿಯ ಪ್ರಶ್ನೆಗೆ ಗುರುವೇ ಮೊದಲು ಉತ್ತರ ಕೊಟ್ಟಾಗಿದೆ.

ಆದಾಗ್ಯೂ, ಕರ್ಮದ ಮಾತನ್ನು ತಳ್ಳಿಹಾಕಿದೊಡನೆ ವಂಶದ ಮಾತು ಮುಗಿಯುವದಿಲ್ಲ. ವ್ಯಾಧಿಯು ವಂಶದಿಂದ ಬರುವದು ನಿಜ. ಬರುವ ರೀತಿಯನ್ನು ಮಾತ್ರ ಸರಿಯಾಗಿ ತಿಳಿಯಬೇಕು. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾದ ಹೆಚ್ಚಿನ ಪ್ರಸಂಗಗಳಲ್ಲಿ ತಂದೆತಾಯಿಗಳೊಳಗೆ ಒಬ್ಬರಿಂದ ಬಂದ ಒಂದೇ ಜೀನಿನ ದೋಷ ಸಾಕು. ಆಗ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಎಷ್ಟೋ ಸಲ ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದು ಮಗುವಿನಲ್ಲಿಯೇ ಜೀನು ಹೊಸತಾಗಿ ಬದಲಾಗುವದು. ಅಲ್ಲಿ ಯಾರ ಕುಲವನ್ನು ದೂರಲಿಕ್ಕೂ ಆಸ್ಪದವಿಲ್ಲ. ಇನ್ನು ಕೆಲವು ಬಗೆಗಳಲ್ಲಿ ತಾಯಿತಂದೆಗಳಿಬ್ಬರೂ ಒಂದೊಂದು ದೋಷಯುಕ್ತ ಪ್ರತಿಯನ್ನು ತಮಗರಿಯದಂತೆ ಹೊತ್ತಿರುವರು. ಎರಡೂ ಕೂಡಿದಾಗ ಮಾತ್ರ ವ್ಯಾಧಿ ಪ್ರಕಟವಾಗುವದು. ಅದರ ಸಂಭವ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂದಾಯಿತು, ಮುಂದಿನ ಮೂವರು ಕ್ಷೇಮ ಎಂದು ಎಣಿಸುವದು ತಪ್ಪು ಲೆಕ್ಕ. ಪ್ರತಿ ಸಲವೂ ಕವಡೆ ಹೊಸದಾಗಿಯೇ ಬೀಳುವದು.

ಈ ಕಡೆಯ ಬಗೆಯ ವ್ಯಾಧಿಗಳ ಸಂಬಂಧದಲ್ಲಿಯೇ ಸೋದರಸಂಬಂಧದ ಮದುವೆಗಳ ವಿಚಾರ ಬರುವದು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವದು ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ವಾಡಿಕೆ. ಹೊಲ ಒಡೆಯಬಾರದು, ಮಗಳು ಅಪರಿಚಿತರ ಕೈಸೇರಬಾರದು ಎಂಬ ಕಾಳಜಿ ಅದರ ಹಿಂದಿದೆ; ಆ ಕಾಳಜಿಯನ್ನು ಹೀಯಾಳಿಸಬೇಕಾಗಿಲ್ಲ. ಆದರೆ ಒಂದೇ ಅಜ್ಜನಿಂದ ಇಳಿದ ಒಂದೇ ದೋಷಯುಕ್ತ ಪ್ರತಿಯು ಗಂಡಹೆಂಡಿರಿಬ್ಬರಲ್ಲಿಯೂ ಇರುವ ಸಂಭವ ಅಲ್ಲಿ ಹೆಚ್ಚುವದು. ಅಕ್ಕನ ಮಗಳನ್ನು ಮದುವೆಯಾದಲ್ಲಿ ಆ ಸಂಭವವು ಅತ್ತೆಯ ಮಗಳನ್ನು ಮದುವೆಯಾದದ್ದಕ್ಕಿಂತ ಎರಡರಷ್ಟು. ಇಲ್ಲಿ ಒಂದು ವಿಚಿತ್ರ ಕಾಣುವದು. ಸೊಸೆಯ ತವರಿನ ಕುಲವನ್ನು ದೂರುವ ಅತ್ತೆಯು ಎಷ್ಟೋ ಸಲ ಆ ಸೊಸೆಯ ಅಜ್ಜಿಯೇ ಆಗಿರುತ್ತಾಳೆ, ಇಲ್ಲವೆ ಸೋದರತ್ತೆ. ದೂರು ತಿರುಗಿ ತನ್ನ ಹೊಸ್ತಿಲಿಗೇ ಬರುವದು.

ವಂಶವ್ಯಾಧಿಯ ವಿಷಯದಲ್ಲಿ ಕನ್ನಡ ನಾಡಿಗೆ ಹಂದಿಗೋಡಿಗಿಂತ ದೊಡ್ಡ ಪಾಠಶಾಲೆ ಇನ್ನೊಂದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಈ ಸಣ್ಣ ಹಳ್ಳಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿದೆ. 1975ರ ಸುಮಾರಿಗೆ ಅಲ್ಲಿಯ ದಲಿತ ಸಮುದಾಯಗಳ ಕೂಲಿಕಾರ ಕುಟುಂಬಗಳಲ್ಲಿ ಒಂದು ಎಲುಬು-ಕೀಲಿನ ವ್ಯಾಧಿ ಹೊರಗಿನವರ ಕಣ್ಣಿಗೆ ಬಿದ್ದಿತು. ಟೊಂಕದ ಕೀಲು, ಮೊಣಕಾಲು ನೋಯತೊಡಗಿ, ಬರಬರುತ್ತ ನಡೆಯುವದೇ ದುಸ್ತರವಾಗುವದು. ಕೆಲವರು ಕೋಲೂರಿ ಬಾಗಿ ನಡೆಯುವರು, ಕೆಲವರು ತೆವಳುವರು. ಕೆಲವರಲ್ಲಿ ಎತ್ತರವೇ ಬೆಳೆಯದೆ ಮೈ ಗಿಡ್ಡಾಗುವದು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲಿಯೂ ಅದೇ ಸಮುದಾಯಗಳಲ್ಲಿ ಈ ವ್ಯಾಧಿ ಕಂಡುಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು.

ಕಾರಣವೇನು? ಮೊದಲು ಎದ್ದ ಸಂಶಯ ಏಡಿಯ ಮೇಲೆ. ಭತ್ತದ ಗದ್ದೆಗೆ ಕೀಟನಾಶಕ ಸಿಂಪಡಿಸುವರು. ಕೂಲಿಕಾರರು ಅದೇ ಗದ್ದೆಯ ಏಡಿಯನ್ನು ಹಿಡಿದು ತಿನ್ನುವರು. ಆ ವಿಷವೇ ಎಲುಬಿಗೆ ಇಳಿದಿರಬೇಕು ಎಂದು ತರ್ಕಿಸಲಾಯಿತು. ತರ್ಕವು ಸುಳ್ಳಾದದ್ದಕ್ಕೆ ವಿಜ್ಞಾನಿಗಳನ್ನು ದೂರಬೇಕಾಗಿಲ್ಲ, ಶಾಸ್ತ್ರವು ಮುನ್ನಡೆಯುವದೇ ಹಾಗೆ. 1990ರ ದಶಕದಲ್ಲಿ ಲಖನೌದ ಸಂಜಯ ಗಾಂಧೀ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ತಜ್ಞರು ಕುಟುಂಬಗಳ ವಂಶವೃಕ್ಷಗಳನ್ನೂ ಕ್ಷ-ಕಿರಣ ಚಿತ್ರಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ, ಇದು ತಂದೆತಾಯಿಗಳಲ್ಲಿ ಒಬ್ಬರಿಂದಲೇ ಇಳಿದುಬರುವ ವಂಶವ್ಯಾಧಿಯೆಂದು ತೋರಿಸಿದರು. ದಕ್ಷಿಣ ಆಫ್ರಿಕೆಯ ಮ್ಸೆಲೆನಿ ಎಂಬ ಪ್ರದೇಶದ ಬಡವರಲ್ಲಿ ಕಂಡುಬಂದ ವ್ಯಾಧಿಯೊಡನೆ ಇದರ ಹೋಲಿಕೆಯೂ ಚರ್ಚೆಗೆ ಬಂದಿತು.

ಇಲ್ಲಿ ಗೃಹಸ್ಥನು ತುಸು ನಿಂತು ಯೋಚಿಸಬೇಕಾದ ಸಂಗತಿಯಿದೆ. ಬಡವನ ರೋಗಕ್ಕೆ ಮೊದಲು ಹೊಳೆದ ಕಾರಣ ಅವನ ಊಟ. ಅವನು ತಿನ್ನಬಾರದ್ದನ್ನು ತಿಂದನು, ಆದುದರಿಂದ ಹೀಗಾಯಿತು. ವಿಜ್ಞಾನಿಯು ಅದನ್ನು ಪರೀಕ್ಷಿಸತಕ್ಕ ಊಹೆಯೆಂದು ಹೇಳಿದನು, ಪರೀಕ್ಷೆಯ ನಂತರ ಕೈಬಿಡಲಾಯಿತು. ಊರಿನ ಜನದ ಬಾಯಲ್ಲಿ ಅಂಥ ಊಹೆ ತೀರ್ಪಾಗಿ ನಿಲ್ಲುವದು. ಕರ್ಮದ ಮಾತಿಗೂ ಏಡಿಯ ಮಾತಿಗೂ ಹಾಗೆ ನೋಡಿದರೆ ಬಹಳ ಅಂತರವಿಲ್ಲ. ಎರಡೂ ನೊಂದವನನ್ನೇ ನೋವಿಗೆ ಹೊಣೆಯಾಗಿಸುವವು. ಮಾದಾರ ಚೆನ್ನಯ್ಯನ ಮನೆಯವನೆಂದು ಹೇಳಿಕೊಳ್ಳಲು ಹೆಮ್ಮೆಪಟ್ಟ ಬಸವಣ್ಣನವರ ಅನುಯಾಯಿಗಳಿಗೆ ಹಂದಿಗೋಡಿನ ಕೂಲಿಕಾರನು ದೂರದವನಲ್ಲ. ತನ್ನ ಮಗುವಿನ ಎಲುಬಿಗೆ ಕರ್ಮದ ವಿವರಣೆ ಬೇಡವೆನ್ನುವ ಒಕ್ಕಲಿಗನು ಅವನ ಎಲುಬಿಗೆ ಆ ವಿವರಣೆಯನ್ನು ಅಂಟಿಸುವದು ನ್ಯಾಯವಾಗದು.

ಹಂದಿಗೋಡಿನಿಂದ ಇನ್ನೂ ಕಠಿಣವಾದ ಒಂದು ಪ್ರಶ್ನೆಯೂ ಏಳುವದು. ರೋಗಕ್ಕೆ ಹೆಸರು ಸಿಕ್ಕಿತು, ಇಳಿದುಬರುವ ಮಾರ್ಗ ತಿಳಿಯಿತು, ನೋವು ಉಳಿಯಿತು. ಬೇರುಸಹಿತ ಕೀಳಬಲ್ಲ ಮದ್ದು ಈ ವ್ಯಾಧಿಗೆ ಇಲ್ಲ. ನೋವಿನ ಗುಳಿಗೆ, ಅಂಗಮರ್ದನ ವ್ಯಾಯಾಮ, ಕೀಲು ತೀರ ಸವೆದವರಿಗೆ ಕೃತ್ರಿಮ ಕೀಲಿನ ಶಸ್ತ್ರಕ್ರಿಯೆ, ಸರಕಾರದ ಮಾಸಾಶನ — ಇಷ್ಟೇ. ರಕ್ತ ಕೊಟ್ಟು, ಚಿತ್ರ ತೆಗೆಸಿಕೊಂಡು, ಅಳತೆ ಕೊಟ್ಟು ದಣಿದ ಜನ ತಮಗೇನು ದೊರೆಯಿತೆಂದು ಕೇಳಿದರೆ ಅದು ಕೃತಘ್ನತೆಯಲ್ಲ. ಅರಿವು ದೊಡ್ಡದು, ಶರಣರು ಅರಿವನ್ನೇ ಗುರುವೆಂದರು. ಆದರೆ ಅದೇ ಶರಣರು ಆಚಾರವಿಲ್ಲದ ಅರಿವನ್ನು ಮೆಚ್ಚಲಿಲ್ಲ. ರೋಗಿಯ ದೇಹದಿಂದ ಅರಿವನ್ನು ಪಡೆದವರು ರೋಗಿಯ ಅಂಗಳಕ್ಕೆ ಒಂದು ಊರುಗೋಲನ್ನಾದರೂ ಮರಳಿ ತರಬೇಕಾಗುವದು.

ಘಟಪ್ರಭೆಯ ಮಗುವಿನ ಸ್ಥಿತಿ ಈ ವಿಷಯದಲ್ಲಿ ತುಸು ಉತ್ತಮ. ಅದರ ವ್ಯಾಧಿಯೂ ಪೂರ್ಣ ಗುಣವಾಗತಕ್ಕದ್ದಲ್ಲ. ಆದರೆ ಮಾಡತಕ್ಕದ್ದು ಬಹಳವಿದೆ. 1998ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ವೈದ್ಯರು ಪಾಮಿಡ್ರೊನೇಟ್ ಎಂಬ ಔಷಧವನ್ನು ನಿಯಮಿತ ಅವಧಿಗಳಲ್ಲಿ ರಕ್ತನಾಳದ ಮೂಲಕ ಕೊಟ್ಟು, ತೀವ್ರತರ ವ್ಯಾಧಿಯ ಮಕ್ಕಳಲ್ಲಿ ಎಲುಬಿನ ಸಾಂದ್ರತೆ ಹೆಚ್ಚಿದ್ದನ್ನು ಪ್ರಕಟಿಸಿದರು. ಅದೇ ಜಾತಿಯ ಔಷಧಗಳು ಈಗ ಭಾರತದಲ್ಲಿಯೂ ಬಳಕೆಯಲ್ಲಿವೆ. ಡೊಂಕಾದ ಉದ್ದೆಲುಬನ್ನು ಕತ್ತರಿಸಿ ನೇರಗೊಳಿಸಿ ಒಳಗೆ ಲೋಹದ ಸರಳನ್ನು ಪೋಣಿಸುವ ಶಸ್ತ್ರಕ್ರಿಯೆಯುಂಟು. ಮಗು ಬೆಳೆದಂತೆ ತಾನೂ ಉದ್ದವಾಗುವ ಸರಳುಗಳೂ ಬಂದಿವೆ. ಇವೆಲ್ಲಕ್ಕಿಂತ ಮೊದಲು ಮನೆಯವರು ಮಗುವನ್ನು ಎತ್ತುವ ರೀತಿಯನ್ನು ಕಲಿಯಬೇಕು. ಕಂಕುಳಲ್ಲಿ ಕೈಹಾಕಿ ಎತ್ತಬಾರದು. ಬಟ್ಟೆ ಬದಲಿಸುವಾಗ ಹಿಮ್ಮಡಿ ಹಿಡಿದು ಕಾಲೆತ್ತಬಾರದು. ತಲೆಯ ಕೆಳಗೊಂದು ಕೈ, ಕುಂಡೆಯ ಕೆಳಗೊಂದು ಕೈಯನ್ನು ಬೆರಳಗಲಿಸಿ ಇಟ್ಟು ಇಡೀ ಮೈಯನ್ನು ಒಮ್ಮೆಲೆ ಎತ್ತಬೇಕು. ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಪೂಜಿಸುವ ಕೈಗಳಿಗೆ ಈ ಎಚ್ಚರವು ಹೊಸದೇನೂ ಅಲ್ಲ.

ತಜ್ಞರಾದರೂ ಎಲ್ಲಿದ್ದಾರೆ? ಸೇವಾದಳದ ಡಾ. ನಾ. ಸು. ಹರ್ಡೀಕರರ ಹೆಸರಿನೊಡನೆ ಬೆಸೆದುಕೊಂಡ ಕರ್ನಾಟಕ ಆರೋಗ್ಯಧಾಮವೂ, ಜನರೇ ಕೂಡಿ ಕಟ್ಟಿದ ಜೆ. ಜಿ. ಸಹಕಾರಿ ಆಸ್ಪತ್ರೆಯೂ ಘಟಪ್ರಭೆಯಲ್ಲಿಯೇ ಇವೆ. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ವೈದ್ಯಪರಂಪರೆ ದೊರೆತದ್ದು ಆ ಸೀಮೆಯ ಪುಣ್ಯ. ಮುರಿದದ್ದಕ್ಕೆ ಕಟ್ಟು ಹಾಕಿಸಲು, ಮೊದಲ ಚಿತ್ರ ತೆಗೆಸಲು ಹತ್ತಿರದ ಆಸ್ಪತ್ರೆಯೇ ಲೇಸು. ಮುಂದಿನ ಹೆಜ್ಜೆ ಬೆಳಗಾವಿ. ಏಳು ಜನ ಶಿಕ್ಷಕರು 1916ರಲ್ಲಿ ಹುಟ್ಟುಹಾಕಿದ ಕೆ. ಎಲ್. ಇ. ಸಂಸ್ಥೆಯು 1963ರಲ್ಲಿ ಅಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಸರಕಾರಿ ವೈದ್ಯಕೀಯ ಸಂಸ್ಥೆಯೂ ಅಲ್ಲಿದೆ. ಜೀನುಗಳ ಪರೀಕ್ಷೆಗೂ ಸಲಹೆಗೂ ಬೆಂಗಳೂರು. ಕೇಂದ್ರ ಸರಕಾರದ 2021ರ ವಿರಳ ರೋಗಗಳ ನೀತಿಯಲ್ಲಿ ಗುರುತಿಸಿದ ಶ್ರೇಷ್ಠತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧೀ ಮಕ್ಕಳ ಆರೋಗ್ಯ ಸಂಸ್ಥೆಗಳು ಕೂಡಿದ ಕೇಂದ್ರವೊಂದು. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಆ ನೀತಿಯ ಎರಡನೆಯ ವರ್ಗದಲ್ಲಿದೆ. ಎಲುಬು ಕಲ್ಲಿನಂತೆ ಗಟ್ಟಿಯಾಗುವ ಆಸ್ಟಿಯೋಪೆಟ್ರೋಸಿಸ್ ಎಂಬ ತದ್ವಿರುದ್ಧ ವ್ಯಾಧಿಯ ತೀವ್ರ ಬಗೆಯು ಮೊದಲನೆಯ ವರ್ಗದಲ್ಲಿದೆ. ಅದಕ್ಕೆ ಅಸ್ಥಿಮಜ್ಜೆಯ ಕಸಿ ಉಪಾಯ. 2022ರ ತಿದ್ದುಪಡಿಯ ಮೇರೆಗೆ ಇಂಥ ಕೇಂದ್ರಗಳಲ್ಲಿ ರೋಗಿಯೊಬ್ಬನಿಗೆ 50 ಲಕ್ಷ ರೂಪಾಯಿಗಳ ವರೆಗೆ ನೆರವು ದೊರೆಯಬಹುದು.

ಐವತ್ತು ಲಕ್ಷ! ಒಂದು ಮಗುವಿನ ಸಲುವಾಗಿ ಇಷ್ಟು ಸಾರ್ವಜನಿಕ ಹಣವನ್ನು ಸುರಿಯುವದು ಧರ್ಮವೇ, ಅದರಲ್ಲಿ ಸಾವಿರ ಮಕ್ಕಳಿಗೆ ಔಷಧ ಕೊಡಬಹುದಲ್ಲ ಎಂಬ ಆಕ್ಷೇಪವು ಅಸಡ್ಡೆಯಿಂದ ಬಂದದ್ದೆಂದು ತಳ್ಳಿಹಾಕುವಂತಿಲ್ಲ. ಬೊಕ್ಕಸವನ್ನು ನಡೆಸುವವನು ಎಣಿಸಲೇಬೇಕು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಮರಳಿ ಚೆಲ್ಲಿ ಬರಲು ಕಳಿಸಿದ ಕಥೆಯನ್ನು ಆಕ್ಷೇಪಕರು ಎತ್ತಬಹುದು. ಆದರೆ ಲಕ್ಕಮ್ಮನ ಅಳತೆಗೋಲು ಅಗತ್ಯ, ತಲೆಗಳ ಸಂಖ್ಯೆಯಲ್ಲ. ಹಸಿದ ಜಂಗಮನು ಒಬ್ಬನೇ ಬಂದರೂ ಅವನ ಹಸಿವಿನಷ್ಟು ಅಕ್ಕಿ ಬೇಕು. ಈ ವಾದದಿಂದ ಬೊಕ್ಕಸದ ತೊಡಕು ಪೂರ್ಣ ಬಗೆಹರಿಯುವದೆಂದು ಹೇಳಲಾಗದು. ಈ ಎಲುಬಿನ ವ್ಯಾಧಿಯ ಚುಚ್ಚುಮದ್ದಿಗೆ ಮಾತ್ರ ಅಷ್ಟು ದೊಡ್ಡ ಮೊತ್ತ ಬೇಕಾಗದು. ಬಡ ಕುಟುಂಬವನ್ನು ಕುಗ್ಗಿಸುವದು ಔಷಧಕ್ಕಿಂತ ಮಿಗಿಲಾಗಿ ಐದುನೂರು ಕಿಲೋಮೀಟರಿಗೂ ಮಿಕ್ಕ ಹಾದಿ, ಬಿಟ್ಟ ಕೂಲಿ, ಪರಸ್ಥಳದ ವಾಸ. ದಾಸೋಹದ ಮನೆಗಳಿಗೆ ಇಲ್ಲಿ ಕೆಲಸವಿದೆ. ಯಾತ್ರಿಕನಿಗೆ ಪ್ರಸಾದವೂ ಮಲಗಲು ಜಾಗವೂ ದೊರೆಯುವಂತೆ ಆಸ್ಪತ್ರೆಗೆ ಹೊರಟ ತಾಯಿಗೂ ದೊರೆತರೆ, ಆ ಮಗುವು ಎರಡನೆಯ ಚುಚ್ಚುಮದ್ದಿಗೂ ಮೂರನೆಯದಕ್ಕೂ ತಪ್ಪದೆ ಹೋಗುವದು.

ಮದುವೆಯ ಪ್ರಸಂಗದಲ್ಲಿ ವ್ಯಾಧಿಯನ್ನು ಮುಚ್ಚಿಡುವದು ಎಲ್ಲಕ್ಕಿಂತ ಹೆಚ್ಚು ಇಕ್ಕಟ್ಟಿನ ಸಂಗತಿ. ತಮ್ಮನಿಗೆ ಹೀಗಿದೆಯೆಂದು ಗೊತ್ತಾದರೆ ಅಕ್ಕನಿಗೆ ವರ ಸಿಗುವದಿಲ್ಲ. ಆದುದರಿಂದ ತಮ್ಮನನ್ನು ಒಳಮನೆಯಲ್ಲಿ ಇಡುವರು, ಬೀಗರು ಬಂದಾಗ ಅಜ್ಜಿಯ ಊರಿಗೆ ಕಳಿಸುವರು. ಮುಚ್ಚಿಡುವ ತಂದೆಯನ್ನು ಸುಳ್ಳುಗಾರನೆಂದು ಜರೆಯುವದು ಸುಲಭ. ನಿಜ ನುಡಿದ ತಂದೆಯ ಮಗಳನ್ನು ಒಲ್ಲೆನೆಂದು ಎದ್ದುಹೋದ ಬೀಗರ ಮೇಲೆ ಯಾರೂ ಬೆರಳು ತೋರುವದಿಲ್ಲವಲ್ಲ! ಸುಳ್ಳಿಗೆ ಬೆಲೆ ಕಟ್ಟಿದವರು ಅವರೇ. ಅಕ್ಕನಲ್ಲಿ ಆ ದೋಷವಿದೆಯೋ ಇಲ್ಲವೋ ಎಂಬುದನ್ನು ಇಂದು ಪರೀಕ್ಷೆಯಿಂದ ಅರಿಯಲು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಿದೆ. ತಮ್ಮನಲ್ಲಿ ಹೊಸತಾಗಿ ಹುಟ್ಟಿದ ಬದಲಾವಣೆಯಾಗಿದ್ದರೆ ಅಕ್ಕನ ಮಕ್ಕಳಿಗೆ ಆ ಭಯವೇ ಇಲ್ಲ. ಮುಚ್ಚಿಟ್ಟ ಮನೆಯಲ್ಲಿ ಈ ಸಮಾಧಾನದ ಸುದ್ದಿಯೂ ಮುಚ್ಚಿಯೇ ಹೋಗುವದು. ಅಂಜಿಕೆಯೊಂದು ಉಳಿಯುವದು, ಆಧಾರವಿಲ್ಲದ್ದು. ನಡೆ-ನುಡಿ ಒಂದಾಗಿರಬೇಕೆಂಬ ಶರಣರ ಕಟ್ಟಳೆಯು ಹೆಣ್ಣಿನ ತಂದೆಗೆ ಮಾತ್ರ ಹಾಕಿದ್ದಲ್ಲ. ನಿಜವನ್ನು ಕೇಳಿದ ಮೇಲೆ ಎದ್ದುಹೋಗದೆ ಕೂತು, ವೈದ್ಯನ ಮಾತು ಕೇಳೋಣವೆನ್ನುವ ಬೀಗನಿಗೂ ಹಾಕಿದ್ದು.

ನಡೆಯಲಾರದವನಿಗೆ ಕಾಯಕವೆಲ್ಲಿಯದು ಎಂಬ ಕೊರಗನ್ನೂ ಕೆಲವು ಹಿರಿಯರು ಆಡಿ ತೋರಿಸುವರು. ಶರಣರ ಕಾಯಕಗಳ ಪಟ್ಟಿಯಲ್ಲಿ ಕೂತು ಮಾಡುವ ಕೆಲಸಗಳು ಕಡಿಮೆಯಿಲ್ಲ. ನುಲಿಯ ಚಂದಯ್ಯನು ಹಗ್ಗ ಹೊಸೆದನು. ಈ ವ್ಯಾಧಿಯು ಬುದ್ಧಿಯನ್ನು ಮುಟ್ಟುವದಿಲ್ಲ. ಸಾಲೆಗೆ ಹೋಗುವ ಮೆಟ್ಟಿಲಿಗೆ ಇಳಿಜಾರು, ಗಾಲಿಯ ಕುರ್ಚಿ, ದೂಡಿ ಬೀಳಿಸದ ಗೆಳೆಯರು ದೊರೆತರೆ ಮಗು ಓದುವದು. 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯು ಕುಬ್ಜತೆಯನ್ನೂ ಸೇರಿಸಿ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಪ್ರಮಾಣಪತ್ರ ಪಡೆಯುವದರಲ್ಲಿ ನಾಚಿಕೆಯಿಲ್ಲ.

ತಜ್ಞನಲ್ಲಿಗೆ ಹೊರಡುವವರು ಒಯ್ಯಬೇಕಾದದ್ದು ಹಣದ ಗಂಟಿಗಿಂತ ಮೊದಲು ಕಾಗದಗಳ ಗಂಟು. ಯಾವ ತಿಂಗಳಲ್ಲಿ ಯಾವ ಎಲುಬು ಎಷ್ಟು ಪೆಟ್ಟಿಗೆ ಮುರಿಯಿತು. ತಾಯಿಯ ಕಡೆ, ತಂದೆಯ ಕಡೆ ಮೂರು ತಲೆಮಾರಿನವರೆಗೆ ಯಾರಿಗೆ ಎಲುಬು ಮುರಿದಿತ್ತು, ಯಾರು ಗಿಡ್ಡ, ಯಾರಿಗೆ ಕಿವಿ ಕೇಳುತ್ತಿರಲಿಲ್ಲ. ಗಂಡಹೆಂಡಿರು ಮದುವೆಗೆ ಮೊದಲೇ ಬಳಗವೋ ಅಲ್ಲವೋ — ಇವನ್ನೆಲ್ಲ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಅಜ್ಜಿಯು ಇದರಲ್ಲಿ ಯಾವ ದಾಖಲೆಗಿಂತಲೂ ಮಿಗಿಲು. ಕುಲವನ್ನು ದೂರಲು ಬಳಸುತ್ತಿದ್ದ ಆಕೆಯ ನೆನಪನ್ನು ವೈದ್ಯನು ಬಾಯ್ತುಂಬ ಹೊಗಳುವನು. ಕ್ಷ-ಕಿರಣದ ಹಳೆಯ ಹಾಳೆಗಳನ್ನು ಹಲವು ಮನೆಗಳಲ್ಲಿ ಕಿಟಕಿಯ ಸಂದಿಗೆ ಇಡುವರು, ಇಲ್ಲವೆ ಸೂರ್ಯಗ್ರಹಣ ನೋಡಲೆಂದು ಹುಡುಗರ ಕೈಗೆ ಕೊಟ್ಟುಬಿಡುವರು. ಮೊದಲ ಸಲ ಮುರಿದ ದಿನದ ಆ ಕಪ್ಪು ಹಾಳೆಯನ್ನು ಅರಿವೆಯಲ್ಲಿ ಸುತ್ತಿ, ಮಡಿಚದೆ, ಪೆಟ್ಟಿಗೆಯ ಅಡಿಯಲ್ಲಿ ಜೋಪಾನವಾಗಿ ಇಡುವದು ಒಳ್ಳೆಯದು.